ಫೋಟೋಸೆಲ್ಲಿನ ಕ್ಯಾಥೋಡ್‌ಗೆ ಬೆಳಕಿಗೆ ಸ್ಪಂದಿಸುವ ಗುಣ ಬರುವುದು ಹೇಗೆ? ತಯಾರಿಕೆಯ ಬಗ್ಗೆ ಬಲ್ಲವರು ಬರೆಯಿರಿ

ವಾಲ್ವ್_ಕುತೂಹಲಿ:

ಬೆಳಕು ಬಿದ್ದಾಗ ಲೋಹ ಎಲೆಕ್ಟ್ರಾನ್ ಹೊರಚಿಮ್ಮಿಸುವ ದ್ಯುತಿವಿದ್ಯುತ್ ಪರಿಣಾಮದ ಬಗ್ಗೆ ಓದಲು ಬೇಕಾದಷ್ಟು ಸಿಗುತ್ತದೆ. 1887ರಲ್ಲಿ ಹರ್ಟ್ಸ್ ಕಂಡದ್ದು, 1905ರಲ್ಲಿ ಐನ್‌ಸ್ಟೈನ್ ವಿವರಿಸಿದ್ದು, ಇವೆಲ್ಲ ಎಲ್ಲರಿಗೂ ಗೊತ್ತು. ಆದರೆ ಈ ಪರಿಣಾಮದಿಂದ ಬೆಳಕನ್ನು ಕರೆಂಟಾಗಿಸುವ ಫೋಟೋಸೆಲ್ಲಿನ ಒಳಗಿರುವ, ಎಲೆಕ್ಟ್ರಾನ್ ಬಿಡುವ ಕ್ಯಾಥೋಡ್ ವಿಷಯಕ್ಕೆ ಬಂದರೆ ನಾನು ನೋಡಿದ ಪುಸ್ತಕಗಳೆಲ್ಲ "ಸೀಸಿಯಂ ಲೇಪಿಸಿದ ತಗಡು" ಎಂದು ಒಂದೇ ಸಾಲು ಬರೆದು ಮುಂದಕ್ಕೆ ಹೋಗಿಬಿಡುತ್ತವೆ. ಆ ಲೇಪನ ಯಾರು, ಹೇಗೆ ಮಾಡುತ್ತಾರೆ? ಗಾಜಿನ ಬುರುಡೆ ಮುಚ್ಚುವ ಮೊದಲೋ ಆಮೇಲೋ? ಎಷ್ಟು ದಪ್ಪ? ಸಾಕು ಅಂತ ಗೊತ್ತಾಗುವುದು ಹೇಗೆ? ಕೈಯಾರೆ ಮಾಡಿದವರು, ಹತ್ತಿರದಿಂದ ನೋಡಿದವರು ಇದ್ದರೆ ದಯವಿಟ್ಟು ಬಿಡಿಸಿ ಬರೆಯಿರಿ. ಸೋಲಾರ್ ಸೆಲ್, ಎಲ್‌ಡಿಆರ್ ವಿಷಯ ಅಲ್ಲ. ನಿರ್ವಾತದೊಳಗೆ ಎಲೆಕ್ಟ್ರಾನ್ ಹೊರಚಿಮ್ಮಿಸುವ ಹಳೆಯ ಬಗೆಯ ಸೆಲ್ ಮತ್ತು ಆ ಎಲೆಕ್ಟ್ರಾನ್‌ಗಳನ್ನು ಒಳಗೇ ಹಲವು ಪಟ್ಟು ಹೆಚ್ಚಿಸುವ ಫೋಟೋಮಲ್ಟಿಪ್ಲೈಯರ್ ಬಗ್ಗೆ ಕೇಳುತ್ತಿದ್ದೇನೆ.

ನಿರ್ವಾತವಾಸಿ:

ಒಳ್ಳೆಯ ಪ್ರಶ್ನೆ. ಟ್ಯೂಬ್ ತಯಾರಿಕೆಯಲ್ಲಿ ಬಹಳ ಕಾಲ ಇದ್ದವನು ನಾನು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಒಂದು ಸಾಲನ್ನೇ ತಿದ್ದಬೇಕು. ಬರೀ ಸೀಸಿಯಂ ಲೋಹ ಬಳಿದರೆ ಒಳ್ಳೆಯ ಕ್ಯಾಥೋಡ್ ಆಗುವುದಿಲ್ಲ. ಸೀಸಿಯಂನ ಕಾರ್ಯಫಲನ (ಎಲೆಕ್ಟ್ರಾನ್ ಹೊರಬರಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 2.1 ಎಲೆಕ್ಟ್ರಾನ್‌ವೋಲ್ಟ್, ಲೋಹಗಳಲ್ಲೇ ಅತಿ ಕಡಿಮೆ, ನಿಜ. ಆದರೆ ಲೋಹದ ಮೇಲ್ಮೈ ಬಿದ್ದ ಬೆಳಕಿನ ಬಹುಪಾಲನ್ನು ಪ್ರತಿಫಲಿಸಿಬಿಡುತ್ತದೆ. ಒಳಗೆ ಹೀರಿಕೊಂಡ ಬೆಳಕಿನಿಂದ ಎದ್ದ ಎಲೆಕ್ಟ್ರಾನ್ ಕೂಡ ಸುತ್ತಲಿನ ಸ್ವತಂತ್ರ ಎಲೆಕ್ಟ್ರಾನ್‌ಗಳಿಗೆ ಡಿಕ್ಕಿ ಹೊಡೆದು ಹೊರಬರುವ ಮೊದಲೇ ಶಕ್ತಿ ಕಳೆದುಕೊಳ್ಳುತ್ತದೆ. ಸಾವಿರ ಫೋಟಾನ್ ಬಿದ್ದರೂ ಒಂದು ಎಲೆಕ್ಟ್ರಾನ್ ಹೊರಬರುವುದು ಕಷ್ಟ. ಕೆಲಸಕ್ಕೆ ಬರುವುದು ಅರೆವಾಹಕ ಸಂಯುಕ್ತ. 1936ರಲ್ಲಿ ಜರ್ಮನಿಯ ಪಾಲ್ ಗೋರ್ಲಿಶ್ ಪ್ರಕಟಿಸಿದ ಸೀಸಿಯಂ-ಆಂಟಿಮನಿ ಕ್ಯಾಥೋಡ್‌ನಲ್ಲಿ ಮೂರು ಸೀಸಿಯಂ ಪರಮಾಣುವಿಗೆ ಒಂದು ಆಂಟಿಮನಿ. ಅದರಲ್ಲಿ ಎಲೆಕ್ಟ್ರಾನ್‌ಗಳು ಹತ್ತಾರು ನ್ಯಾನೋಮೀಟರ್ ಆಳದಿಂದಲೂ ಮೇಲೆದ್ದು ಬರುತ್ತವೆ. 400 ನ್ಯಾನೋಮೀಟರ್‌ನ ನೇರಳೆ ಬೆಳಕಿನಲ್ಲಿ 100 ಫೋಟಾನ್‌ಗೆ ಸುಮಾರು 20 ಎಲೆಕ್ಟ್ರಾನ್. ಲೋಹಕ್ಕೂ ಇದಕ್ಕೂ ಇರುವ ಅಂತರ ನೋಡಿ.

ಈಗ ತಯಾರಿಕೆ. ಈ ಪದರವನ್ನು ಹೊರಗೆ ಮಾಡಿ ಒಳಗೆ ಇಡಲು ಬರುವುದಿಲ್ಲ. ಗಾಳಿ ಸೋಕಿದ ಕ್ಷಣವೇ ಅದು ಸತ್ತ ಹಾಗೆ. ಆದ್ದರಿಂದ ಬುರುಡೆಯ ಒಳಗೇ, ಪಂಪ್ ಓಡುತ್ತಿರುವಾಗಲೇ ಅದನ್ನು ಬೆಳೆಸುತ್ತೇವೆ.

ಬುರುಡೆಯೊಳಗೆ ಆಂಟಿಮನಿಯ ಪುಟ್ಟ ಮಣಿ ಅಂಟಿಸಿದ ತಂತಿ ಇರುತ್ತದೆ. ಸೀಸಿಯಂ ಇಡುವುದು ಲೋಹರೂಪದಲ್ಲಿ ಅಲ್ಲ, ಸೀಸಿಯಂ ಕ್ರೋಮೇಟ್ ಪುಡಿಯನ್ನು ಜಿರ್ಕೋನಿಯಂ-ಅಲ್ಯೂಮಿನಿಯಂ ಮಿಶ್ರಲೋಹದ ಪುಡಿಯೊಂದಿಗೆ ಬೆರೆಸಿ, ಸಣ್ಣ ಸೀಳು ಬಿಟ್ಟ ನಿಕ್ರೋಮ್ ಕೊಳವೆಯಲ್ಲಿ ತುಂಬಿರುತ್ತಾರೆ. ಅದಕ್ಕೆ ಡಿಸ್ಪೆನ್ಸರ್ ಅನ್ನುತ್ತೇವೆ. ಕೆಲವು ಆಂಪಿಯರ್ ಕರೆಂಟ್ ಹರಿಸಿ ಕೆಂಪಗೆ ಕಾಯಿಸಿದರೆ ಶುದ್ಧ ಸೀಸಿಯಂ ಆವಿ ಹೊರಬರುತ್ತದೆ.

ಮೊದಲು ಇಡೀ ಬುರುಡೆಯನ್ನು ಒಲೆಯಲ್ಲಿಟ್ಟು 350ರಿಂದ 400 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾ ಪಂಪ್ ಮಾಡಬೇಕು. ಗಾಜು ತನ್ನ ಮೈಯಲ್ಲಿ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಈಗ ಹೊರಗೆಳೆಯದಿದ್ದರೆ ಮುಂದೆ ವರ್ಷಗಟ್ಟಲೆ ಅದೇ ಕ್ಯಾಥೋಡನ್ನು ತಿನ್ನುತ್ತದೆ. ಆಮೇಲೆ ತಣಿಸಿ ಆಂಟಿಮನಿ ಆವಿ ಮಾಡುತ್ತೇವೆ. ಕಿಟಕಿಯ ಗಾಜಿನ ಮೂಲಕ ದೀಪದ ಬೆಳಕು ಹಾಯಿಸಿ, ಅದು ಎಷ್ಟು ಮಸುಕಾಗುತ್ತಿದೆ ಎಂದು ಅಳೆಯುತ್ತೇವೆ. ಅರೆಪಾರದರ್ಶಕ ಕ್ಯಾಥೋಡ್ ಆದರೆ ಬೆಳಕು ಸಾಮಾನ್ಯವಾಗಿ ಮುಕ್ಕಾಲು ಭಾಗದ ಆಸುಪಾಸಿಗೆ ಇಳಿದಾಗ ನಿಲ್ಲಿಸುವುದು. ಆಗ ಆಂಟಿಮನಿಯ ದಪ್ಪ ಕೆಲವೇ ನ್ಯಾನೋಮೀಟರ್.

ನಂತರ ಬುರುಡೆಯನ್ನು 130ರಿಂದ 170 ಡಿಗ್ರಿಯಲ್ಲಿಟ್ಟು ಸೀಸಿಯಂ ಬಿಡುತ್ತೇವೆ. ಕ್ಯಾಥೋಡ್‌ಗೆ ಬೆಳಕು, ಆನೋಡ್‌ಗೆ ವೋಲ್ಟೇಜ್, ನಡುವೆ ಮೈಕ್ರೋಆಂಪಿಯರ್ ಮೀಟರ್. ಬಹಳ ಹೊತ್ತು ಮುಳ್ಳು ಮಿಸುಕಾಡುವುದಿಲ್ಲ. ಮೊದಲ ಸೀಸಿಯಂ ಎಲ್ಲ ಗಾಜಿಗೂ ತಂತಿಗಳಿಗೂ ಹೋಗಿರುತ್ತದೆ. ಆಮೇಲೆ ಒಮ್ಮೆಗೇ ಏರತೊಡಗುತ್ತದೆ. ಬೂದು ಲೋಹದಂತಿದ್ದ ಪದರ ತಿಳಿಯಾಗುತ್ತಾ, ಹಾದುಬರುವ ಬೆಳಕು ಕೆಂಪಿಗೆ ತಿರುಗುತ್ತದೆ, ಪದರವೂ ಹಲವು ಪಟ್ಟು ಉಬ್ಬುತ್ತದೆ. ಕರೆಂಟ್ ಶಿಖರ ಮುಟ್ಟಿ ಇಳಿಯಲು ಶುರುವಾದರೆ ಸೀಸಿಯಂ ಹೆಚ್ಚಾಯಿತು ಎಂದರ್ಥ.

ನಿಮ್ಮ "ಸಾಕು ಅಂತ ಗೊತ್ತಾಗುವುದು ಹೇಗೆ" ಅನ್ನುವುದಕ್ಕೆ ಉತ್ತರ ಇಲ್ಲಿದೆ. ತೂಕ ಹಾಕಿ ಮಾಡುವ ಕೆಲಸ ಇದಲ್ಲ. ಕ್ಯಾಥೋಡೇ ತನ್ನ ಕರೆಂಟಿನ ಮೂಲಕ ಹೇಳುತ್ತದೆ, ನಾವು ಅದನ್ನು ನೋಡುತ್ತಾ ನಡೆಯಬೇಕು.

ಬೆಳ್ಳಿ_ಪರದೆ:

ನಿರ್ವಾತವಾಸಿ ಸರ್ ಬರೆದದ್ದಕ್ಕೆ ಹಿಂದಿನ ಒಂದು ಅಧ್ಯಾಯ ಸೇರಿಸುತ್ತೇನೆ. ಮಾತಾಡುವ ಸಿನಿಮಾ ಬಂದ ಕಾಲಕ್ಕೆ ಆಂಟಿಮನಿ ಕ್ಯಾಥೋಡ್ ಇರಲಿಲ್ಲ. ಫಿಲ್ಮಿನ ಅಂಚಿನ ಧ್ವನಿಪಟ್ಟಿಯನ್ನು ಓದುತ್ತಿದ್ದದ್ದು ಬೆಳ್ಳಿ-ಆಮ್ಲಜನಕ-ಸೀಸಿಯಂ ಕ್ಯಾಥೋಡ್. 1929-30ರ ಸುಮಾರಿಗೆ ಅಮೆರಿಕದಲ್ಲಿ ಕೋಲರ್, ಇಂಗ್ಲೆಂಡಿನಲ್ಲಿ ಕ್ಯಾಂಬೆಲ್ ಇದರ ಮೇಲೆ ಕೆಲಸ ಮಾಡಿದವರು. ಮುಂದೆ ಇದಕ್ಕೆ ಎಸ್-1 ಎಂಬ ಸಂಕೇತ ಬಂತು.

ಇದರ ದಕ್ಷತೆ, ಅಂದರೆ ಬಿದ್ದ ಫೋಟಾನ್‌ಗಳಲ್ಲಿ ಎಲೆಕ್ಟ್ರಾನ್ ಹೊರಡಿಸುವ ಪಾಲು, ಶೇಕಡ ಒಂದಕ್ಕೂ ಕಡಿಮೆ. ಆದರೂ ಗೆದ್ದದ್ದು ಯಾಕೆ ಎಂದರೆ, ಧ್ವನಿಪಟ್ಟಿಗೆ ಬೆಳಕು ಹಾಯಿಸುವ ಟಂಗ್‌ಸ್ಟನ್ ಬಲ್ಬಿನ ಶಕ್ತಿಯ ಬಹುಪಾಲು ಕೆಂಪು ಮತ್ತು ಅವಕೆಂಪಿನಲ್ಲೇ ಇರುತ್ತದೆ. ಎಸ್-1 ಸುಮಾರು 1100 ನ್ಯಾನೋಮೀಟರ್ ಆಚೆಗೂ ಸ್ವಲ್ಪ ಸ್ಪಂದಿಸುತ್ತದೆ. ನೀಲಿಯಲ್ಲಿ ಎಷ್ಟೇ ಚುರುಕಾಗಿದ್ದರೂ ಆ ಬಲ್ಬಿನ ಮುಂದೆ ಉಪಯೋಗ ಕಡಿಮೆ. ಕ್ಯಾಥೋಡ್ ಆರಿಸುವಾಗ ಮೊದಲು ಕೇಳಬೇಕಾದದ್ದು "ದಕ್ಷತೆ ಎಷ್ಟು" ಅಂತ ಅಲ್ಲ, "ಯಾವ ದೀಪದ ಮುಂದೆ" ಅಂತ.

ತಯಾರಿಸುವ ಕ್ರಮ ನೋಡುವುದಕ್ಕೇ ಚೆಂದ. ಬೆಳ್ಳಿಯ ಪದರ ಹಾಕಿ, ಬುರುಡೆಗೆ ಅತಿ ಕಡಿಮೆ ಒತ್ತಡದಲ್ಲಿ ಆಮ್ಲಜನಕ ಬಿಟ್ಟು, ಹೆಚ್ಚು ವೋಲ್ಟೇಜ್ ಕೊಟ್ಟು ಮಿನುಗುವ ವಿದ್ಯುತ್ ವಿಸರ್ಜನೆ (ಅನಿಲದ ಮೂಲಕ ಕರೆಂಟ್ ಹರಿದು ಅದು ಬೆಳಗುವುದು) ಮಾಡುತ್ತಾರೆ. ಬೆಳ್ಳಿ ಆಕ್ಸೈಡ್ ಆಗುತ್ತಾ ಹೋದಂತೆ ಮೇಲ್ಮೈ ಹಳದಿ, ಕೆಂಪು, ನೀಲಿ ಹೀಗೆ ಬಣ್ಣ ಬದಲಿಸುತ್ತದೆ. ಪದರದ ದಪ್ಪ ಬೆಳೆದಂತೆ ಬೆಳಕಿನ ವ್ಯತಿಕರಣದಿಂದ ಬರುವ ಬಣ್ಣಗಳು ಅವು. ತಾನು ನಂಬಿದ ಬಣ್ಣಕ್ಕೆ ಬಂದಾಗ ಕೆಲಸಗಾರ ವಿಸರ್ಜನೆ ನಿಲ್ಲಿಸಿ, ಆಮ್ಲಜನಕ ಹೊರಗೆಳೆದು, ಸೀಸಿಯಂ ಬಿಡುತ್ತಾನೆ. ಆಮೇಲೆ 150 ಡಿಗ್ರಿಗೂ ಮೇಲೆ ಕಾಯಿಸುವುದು. ಮೀಟರು ಇಲ್ಲದಿದ್ದರೂ ಅರ್ಧ ಕೆಲಸ ಕಣ್ಣಿನಲ್ಲೇ ನಡೆಯುತ್ತಿತ್ತು.

ವಾಲ್ವ್_ಕುತೂಹಲಿ:

ಇಬ್ಬರಿಗೂ ಧನ್ಯವಾದ. ಒಂದು ಅನುಮಾನ. ಕೋಣೆಯ ಉಷ್ಣದಲ್ಲೇ ಸೀಸಿಯಂ ಬಿಟ್ಟರೆ ಆಗದೇ? ಕಾಯಿಸಲೇಬೇಕಾ?

ನಿರ್ವಾತವಾಸಿ:

ಕಾಯಿಸಲೇಬೇಕು. ಸೀಸಿಯಂ ಆಂಟಿಮನಿಯೊಳಗೆ ಪೂರ್ತಿ ಇಳಿದು ಸಂಯುಕ್ತವಾಗಬೇಕಾದರೆ ಪರಮಾಣುಗಳು ಓಡಾಡಬೇಕು. ತಣ್ಣಗಿದ್ದರೆ ಅದು ಮೇಲೆ ಲೋಹವಾಗಿ ಕೂತುಬಿಡುತ್ತದೆ. ಇನ್ನೊಂದು ಕಾರಣ, ಬಿಸಿಯಲ್ಲಿ ಹೆಚ್ಚಾದ ಸೀಸಿಯಂ ತಾನಾಗಿ ಎದ್ದು ಪಂಪಿನ ಕಡೆ ಹೋಗುತ್ತದೆ. ಹಾಗಾಗಿ ನಾವು ಶಿಖರವನ್ನು ಸ್ವಲ್ಪ ದಾಟಿಸಿ, ಕರೆಂಟ್ ಇಳಿಯಲು ಬಿಟ್ಟು, ಸೀಸಿಯಂ ನಿಲ್ಲಿಸಿ, ಅದೇ ಬಿಸಿಯಲ್ಲಿ ಕಾಯುತ್ತೇವೆ. ಹೆಚ್ಚಿನದು ಹೊರಟುಹೋದಂತೆ ಕರೆಂಟ್ ಮತ್ತೆ ಮೇಲೇರುತ್ತದೆ. ಎರಡನೆಯ ಬಾರಿ ಶಿಖರ ಮುಟ್ಟಿದಾಗ ಬೇಗ ತಣಿಸಿ, ಪಂಪಿಗೆ ಹೋಗುವ ಗಾಜಿನ ಕೊಳವೆಯನ್ನು ಜ್ವಾಲೆಯಿಂದ ಕರಗಿಸಿ ಮುಚ್ಚುವುದು.

ಕಣಬೇಟೆ:

ಇಲ್ಲಿ ನನ್ನ ಅಭಿಪ್ರಾಯ ಬೇರೆ. ದಾಟಿಸಿ ಹಿಂದಕ್ಕೆ ತರುವ ವಿಧಾನ ಒಂದೇ ಕ್ಯಾಥೋಡ್ ಇರುವ ಸರಳ ಸೆಲ್ಲಿಗೆ ಸರಿ. ಫೋಟೋಮಲ್ಟಿಪ್ಲೈಯರ್‌ನಲ್ಲಿ ಹಾಗೆ ಮಾಡಿದರೆ ಹೆಚ್ಚಿನ ಸೀಸಿಯಂ ಎಲ್ಲಿಗೆ ಹೋಗುತ್ತದೆ? ಎಲೆಕ್ಟ್ರಾನ್‌ಗಳ ಸಂಖ್ಯೆ ಹೆಚ್ಚಿಸುವ ಡೈನೋಡ್‌ಗಳ ಮೇಲೆ, ಪಿನ್ನುಗಳ ನಡುವಿನ ಗಾಜಿನ ಮೇಲೆ, ಅವಾಹಕ ಭಾಗಗಳ ಮೇಲೆ. ಆಮೇಲೆ ಸೋರಿಕೆ ಕರೆಂಟ್, ಕತ್ತಲಲ್ಲೂ ಗದ್ದಲ. ಶಿಖರಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿ, ಪದರ ತಾನಾಗಿ ಸಮನಾಗಲು ಸಮಯ ಕೊಟ್ಟು, ಬೇಕಿದ್ದರೆ ಮತ್ತೆ ಒಂದಿಷ್ಟು ಬಿಡುವುದು ಉತ್ತಮ.

ನಾನು ಕಣಭೌತಶಾಸ್ತ್ರದ ಕಡೆಯವಳು, ನಮಗೆ ಬೇಕಾದದ್ದು ಕತ್ತಲಲ್ಲಿ ಮೌನವಾಗಿರುವ ಕ್ಯಾಥೋಡ್. ಅದಕ್ಕೇ ನಾವು ನೆಚ್ಚಿಕೊಂಡಿರುವುದು ಎರಡು ಕ್ಷಾರಲೋಹಗಳ ಬೈಆಲ್ಕಲಿ: ಎರಡು ಪೊಟ್ಯಾಸಿಯಂ, ಒಂದು ಸೀಸಿಯಂ, ಒಂದು ಆಂಟಿಮನಿ. ಆರ್‌ಸಿಎ ಎಂಬ ಅಮೆರಿಕನ್ ಸಂಸ್ಥೆಯ ಸಾಮರ್ 1963ರಲ್ಲಿ ವರದಿ ಮಾಡಿದ್ದು. ಅವರೇ 1955ರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಸೀಸಿಯಂ ಮೂರೂ ಇರುವ ಮಲ್ಟಿಆಲ್ಕಲಿಯನ್ನೂ ಕೊಟ್ಟವರು. ಬೈಆಲ್ಕಲಿಯ ದಕ್ಷತೆ ನೀಲಿಯಲ್ಲಿ ಶೇಕಡ 25ರಿಂದ 30, ಈಚಿನ ಸುಧಾರಿತ ಬಗೆಗಳಲ್ಲಿ 35, 40ರ ಮೇಲೂ. ಕೋಣೆಯ ಉಷ್ಣದಲ್ಲಿ ತಾನಾಗಿ ಎಲೆಕ್ಟ್ರಾನ್ ಉಗುಳುವುದು ಸೀಸಿಯಂ-ಆಂಟಿಮನಿಗಿಂತ ಕಡಿಮೆ, ಎಸ್-1ಕ್ಕೆ ಹೋಲಿಸಲೇಬಾರದು.

ಜಪಾನಿನ ಸೂಪರ್-ಕಮಿಯೊಕಾಂಡೆ ಎಂಬ, ನೆಲದಡಿಯ ನೀರಿನ ತೊಟ್ಟಿಯ ನ್ಯೂಟ್ರಿನೋ ಶೋಧಕದಲ್ಲಿ 50 ಸೆಂಟಿಮೀಟರ್ ವ್ಯಾಸದ ಇಂಥ ಟ್ಯೂಬ್‌ಗಳು 11 ಸಾವಿರಕ್ಕೂ ಹೆಚ್ಚು. ಅಷ್ಟು ದೊಡ್ಡ ಬಾಗಿದ ಗಾಜಿನ ಒಳಮೈ ಮೇಲೆ ಕೆಲವು ಹತ್ತು ನ್ಯಾನೋಮೀಟರ್‌ನ ಪದರವನ್ನು ಎಲ್ಲ ಕಡೆ ಒಂದೇ ಸಮ ಬೆಳೆಸಬೇಕು. ನನಗೆ ಈ ಕೆಲಸದಲ್ಲಿ ಅತ್ಯಂತ ಗೌರವ ಹುಟ್ಟುವುದು ಅಲ್ಲಿ.

ನಿರ್ವಾತವಾಸಿ:

ಡೈನೋಡ್ ಇರುವ ಟ್ಯೂಬಿನ ವಿಷಯದಲ್ಲಿ ನಿಮ್ಮ ಆಕ್ಷೇಪಕ್ಕೆ ತೂಕವಿದೆ ಮೇಡಂ. ಆದರೆ ಶಿಖರ ದಾಟದೆ ಅದು ಶಿಖರವೇ ಎಂದು ಹೇಗೆ ತಿಳಿಯುವುದು? ಸೀಸಿಯಂ ಬಿಡುವಾಗ ನಡುವೆ ಒಂದು ಸುಳ್ಳು ದಿಬ್ಬವೂ ಬರುತ್ತದೆ, ಕರೆಂಟ್ ಸ್ವಲ್ಪ ತಗ್ಗಿ ಮತ್ತೆ ಏರುತ್ತದೆ. ಅಲ್ಲೇ ನಿಲ್ಲಿಸಿದವರ ಕ್ಯಾಥೋಡ್ ಅರೆಬೆಂದದ್ದು. ಒಂದೇ ಮೀಟರ್ ನೋಡಿದರೆ ಸಾಲದು, ಹಾದುಬರುವ ಬೆಳಕಿನ ಬಣ್ಣವನ್ನೂ ನೋಡಬೇಕು. ನೀಲಿ ಮತ್ತು ಕೆಂಪು ಎರಡು ದೀಪಗಳನ್ನು ಸರದಿಯಲ್ಲಿ ಹಾಯಿಸಿ ಎರಡಕ್ಕೂ ಬರುವ ಕರೆಂಟಿನ ಅನುಪಾತ ಬರೆದುಕೊಳ್ಳುತ್ತಾ ಹೋದರೆ ಇನ್ನೂ ಒಳ್ಳೆಯದು. ಕೆಂಪಿನ ಕರೆಂಟ್ ಮೇಲ್ಮೈಯ ಸ್ಥಿತಿಯನ್ನು ಮೊದಲು ಹೇಳುತ್ತದೆ, ಯಾಕೆಂದರೆ ಕೆಂಪಿನಿಂದ ಎದ್ದ ಎಲೆಕ್ಟ್ರಾನ್‌ಗೆ ಹೊಸ್ತಿಲು ದಾಟುವಷ್ಟೇ ಶಕ್ತಿ ಇರುವುದು.

ಬೈಆಲ್ಕಲಿಯಲ್ಲಿ ಕ್ರಮವೂ ಮುಖ್ಯ. ಆಂಟಿಮನಿ, ಆಮೇಲೆ ಪೊಟ್ಯಾಸಿಯಂ, ಕೊನೆಗೆ ಸೀಸಿಯಂ. ಪೊಟ್ಯಾಸಿಯಂ ಹಂತಕ್ಕೆ ಬಿಸಿ ಹೆಚ್ಚು ಬೇಕು, ಸೀಸಿಯಂಗೆ ಸ್ವಲ್ಪ ಕಡಿಮೆ. ಮಲ್ಟಿಆಲ್ಕಲಿಯಲ್ಲಿ ಸೋಡಿಯಂ ಹಂತಕ್ಕೆ 200 ಡಿಗ್ರಿ ದಾಟಬೇಕು, ಪೊಟ್ಯಾಸಿಯಂ-ಆಂಟಿಮನಿಯಲ್ಲಿರುವ ಪೊಟ್ಯಾಸಿಯಂನ ಒಂದು ಪಾಲನ್ನು ಸೋಡಿಯಂ ಹೊರಗೆ ತಳ್ಳಬೇಕಲ್ಲ. ಸೋಡಿಯಂ ಹೆಚ್ಚಾಯಿತೋ, ಆಂಟಿಮನಿ ಮತ್ತು ಪೊಟ್ಯಾಸಿಯಂ ಅನ್ನು ಒಂದಾದ ಮೇಲೊಂದು ಚೂರು ಚೂರೇ ಬಿಟ್ಟು ಸರಿದೂಗಿಸಬೇಕು. ತಾಳ್ಮೆ ಇಲ್ಲದವರಿಗೆ ಒಗ್ಗದ ಕೆಲಸ.

ಪಾಠದ_ಮೇಜು:

ನಾನು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಇದನ್ನೆಲ್ಲ ಓದಿ ಮಕ್ಕಳೆದುರು ಒಂದು ಸರಳ ಕ್ಯಾಥೋಡ್ ಮಾಡಿ ತೋರಿಸಬೇಕು ಅನ್ನಿಸುತ್ತಿದೆ. ಸೀಸಿಯಂ ಒಂದು ಚೂರು ಸಿಕ್ಕರೆ ಸಾಕೇ?

ಕಣಬೇಟೆ:

ಬೇಡ ಮೇಡಂ, ದಯವಿಟ್ಟು ಆ ದಾರಿ ಹಿಡಿಯಬೇಡಿ. ಸೀಸಿಯಂ 28.5 ಡಿಗ್ರಿಗೇ ಕರಗುವ ಲೋಹ. ಗಾಳಿ ಸೋಕಿದರೆ ತಾನಾಗಿ ಹೊತ್ತಿಕೊಳ್ಳಬಹುದು, ನೀರು ತಗುಲಿದರೆ ಸಿಡಿಯುತ್ತದೆ. ಡಿಸ್ಪೆನ್ಸರ್ ಒಳಗಿನ ಕ್ರೋಮೇಟ್ ಕ್ಯಾನ್ಸರ್ ತರುವಂಥದ್ದು. ಆಂಟಿಮನಿಯ ಆವಿಯೂ ವಿಷ. ನಿರ್ವಾತದ ಗಾಜು ಒಳಕ್ಕೆ ಕುಸಿದರೆ ಚೂರುಗಳು ಎಲ್ಲ ಕಡೆ ಹಾರುತ್ತವೆ. 2001ರಲ್ಲಿ ಸೂಪರ್-ಕಮಿಯೊಕಾಂಡೆಯಲ್ಲಿ ನೀರಿನಡಿ ಒಂದು ಟ್ಯೂಬ್ ಕುಸಿದ ಆಘಾತದ ಅಲೆಗೆ ಸಾವಿರಾರು ಟ್ಯೂಬ್‌ಗಳು ಸರಣಿಯಾಗಿ ಒಡೆದವು.

ತರಗತಿಗೆ ಸತು ಸಾಕು. 1888ರಲ್ಲಿ ಹಾಲ್‌ವಾಕ್ಸ್ ಮಾಡಿದ್ದು ಅದನ್ನೇ. ಸತುವಿನ ತಗಡನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಆವೇಶವನ್ನು ಲೋಹದ ಎಲೆಗಳ ಬಿರಿತದಿಂದ ತೋರಿಸುವ ಎಲೆಕ್ಟ್ರೋಸ್ಕೋಪಿನ ಮೇಲಿಟ್ಟು ಋಣ ಆವೇಶ ಕೊಡಿ. 254 ನ್ಯಾನೋಮೀಟರ್‌ನ ಅತಿನೇರಳೆ ದೀಪ ತೋರಿಸಿದರೆ ಎಲೆಗಳು ಕೂಡಿಕೊಳ್ಳುತ್ತವೆ. ಆ ಬೆಳಕಿನ ಫೋಟಾನ್‌ನಲ್ಲಿ 4.9 ಎಲೆಕ್ಟ್ರಾನ್‌ವೋಲ್ಟ್ ಇದೆ, ಸತುವಿನ ಹೊಸ್ತಿಲು ದಾಟಲು ಸಾಕು. ನಡುವೆ ಸಾಮಾನ್ಯ ಗಾಜು ಹಿಡಿದರೆ ನಿಂತುಹೋಗುತ್ತದೆ. ಧನ ಆವೇಶ ಕೊಟ್ಟರೆ ಏನೂ ಆಗುವುದಿಲ್ಲ. ಉಜ್ಜದ ತಗಡಿನಲ್ಲೂ ಪ್ರಯೋಗ ಮಾಡಿಸಿ. ಮೇಲ್ಮೈ ಶುದ್ಧವಾಗಿರುವುದರ ಬೆಲೆ ಏನೆಂದು ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ. ದೀಪವನ್ನು ಮಾತ್ರ ಮಕ್ಕಳ ಕಣ್ಣಿಗೂ ಚರ್ಮಕ್ಕೂ ಬೀಳದಂತೆ ಮರೆಮಾಡಿ.

ಬೆಳ್ಳಿ_ಪರದೆ:

ಮೇಡಂ, ನಿಮಗೆ ಖುಷಿಯಾಗುವ ಸಂಗತಿ: ಕ್ಷಾರಲೋಹದ ಫೋಟೋಸೆಲ್ ಕಟ್ಟಿದ ಎಲ್ಸ್ಟರ್ ಮತ್ತು ಗೈಟೆಲ್ ಇಬ್ಬರೂ ಜರ್ಮನಿಯ ವೋಲ್ಫೆನ್‌ಬ್ಯೂಟೆಲ್ ಊರಿನ ಶಾಲಾ ಶಿಕ್ಷಕರು. ಸೋಡಿಯಂ, ಪೊಟ್ಯಾಸಿಯಂ ಕಣ್ಣಿಗೆ ಕಾಣುವ ಬೆಳಕಿಗೂ ಸ್ಪಂದಿಸುತ್ತವೆ ಎಂದು ತೋರಿಸಿದವರು ಅವರೇ. ಪೊಟ್ಯಾಸಿಯಂ ಮೇಲೆ ಹೈಡ್ರೋಜನ್‌ನಲ್ಲಿ ವಿಸರ್ಜನೆ ಮಾಡಿದರೆ ಸ್ಪಂದನೆ ಬಹಳ ಹೆಚ್ಚುತ್ತದೆ ಎಂದು ಕಂಡುಕೊಂಡವರೂ ಅವರೇ. ಸಂಯುಕ್ತ ಲೋಹಕ್ಕಿಂತ ಮೇಲು ಅನ್ನುವ ದಾರಿ ಅಲ್ಲಿಂದಲೇ ಶುರು.

ಗಾಜಿನ_ಕೈ:

ರಸಾಯನಶಾಸ್ತ್ರದ ಬಗ್ಗೆ ಬೇಕಾದಷ್ಟು ಬಂತು, ಸ್ವಚ್ಛತೆಯ ಬಗ್ಗೆ ಯಾರೂ ಒತ್ತಿ ಹೇಳಲಿಲ್ಲ. ಗಾಜು ಊದುವವನಾಗಿ ಹೇಳುತ್ತೇನೆ, ಕೆಟ್ಟ ಕ್ಯಾಥೋಡ್‌ಗಳಲ್ಲಿ ಹೆಚ್ಚಿನವು ಸೀಸಿಯಂ ಬಿಡುವ ಮೊದಲೇ ಕೆಟ್ಟಿರುತ್ತವೆ. ಒತ್ತಡ ಒಂದು ಟಾರ್‌ನ (ವಾತಾವರಣದ ಒತ್ತಡದ 760ರಲ್ಲಿ ಒಂದು ಭಾಗ) ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ಇಳಿದಿದ್ದರೂ, ಉಳಿದ ಅನಿಲ ಸುಮಾರು ಒಂದು ಸೆಕೆಂಡಿನಲ್ಲಿ ಇಡೀ ಮೇಲ್ಮೈಯನ್ನು ಒಂದು ಪರಮಾಣು ದಪ್ಪಕ್ಕೆ ಮುಚ್ಚುವಷ್ಟು ಇರುತ್ತದೆ. ನೂರು ಕೋಟಿಯಲ್ಲಿ ಒಂದು ಭಾಗಕ್ಕೆ ಇಳಿಸಿದರೆ ಆ ಸೆಕೆಂಡು ಕಾಲು ಗಂಟೆಗೂ ಹೆಚ್ಚಾಗುತ್ತದೆ. ಬೆರಳಚ್ಚಿನ ಜಿಡ್ಡು, ಪಂಪಿನ ಎಣ್ಣೆಯ ಆವಿ, ಗಾಜು ಕರಗಿಸಿ ಮುಚ್ಚುವಾಗ ಅದೇ ಗಾಜಿನಿಂದ ಹೊರಡುವ ನೀರಿನ ಆವಿ, ಎಲ್ಲವೂ ಶತ್ರು. ಎಣ್ಣೆ ಪಂಪ್ ಇದ್ದರೆ ನಡುವೆ ಆ ಆವಿಯನ್ನು ಹಿಡಿದಿಡುವ ದ್ರವ ಸಾರಜನಕದ ಟ್ರ್ಯಾಪ್ ಬೇಕೇ ಬೇಕು. ಕೊನೆಯಲ್ಲಿ ಮುಚ್ಚುವ ಕೊಳವೆಯನ್ನು ಮೊದಲೇ ಜ್ವಾಲೆಯಿಂದ ಮೆಲ್ಲಗೆ ಕಾಯಿಸಿ ಅದರ ಅನಿಲವನ್ನು ಪಂಪಿಗೆ ಕಳಿಸಿರಬೇಕು.

ಮಿಲಿಕನ್ 1916ರಲ್ಲಿ ಪ್ಲಾಂಕ್ ಸ್ಥಿರಾಂಕ ಅಳೆದ ಉಪಕರಣ ನೋಡಿ. ನಿರ್ವಾತದ ಒಳಗೇ ತಿರುಗುವ ಚಾಕು ಇಟ್ಟು, ಹೊರಗಿನಿಂದ ವಿದ್ಯುತ್ಕಾಂತದಿಂದ ಅದನ್ನು ನಡೆಸಿ, ಸೋಡಿಯಂ, ಪೊಟ್ಯಾಸಿಯಂ, ಲಿಥಿಯಂ ಗಟ್ಟಿಗಳ ಮೈ ಹೆರೆದು ಹೊಸ ಮೇಲ್ಮೈ ತೆಗೆಯುತ್ತಿದ್ದರು. ಗಾಜಿನ ಕೆಲಸದವನ ಪಾಲಿಗೆ ಆ ಉಪಕರಣ ಒಂದು ಪವಾಡ.

ಗಾಜಿನ ಆಯ್ಕೆಯೂ ಕ್ಯಾಥೋಡಿನ ಭಾಗವೇ. ಬೋರೋಸಿಲಿಕೇಟ್ ಕಿಟಕಿ ಸುಮಾರು 300 ನ್ಯಾನೋಮೀಟರ್ ಕೆಳಗೆ ಬೆಳಕು ಬಿಡುವುದಿಲ್ಲ, ಅತಿನೇರಳೆ ಬೇಕಿದ್ದರೆ ಸ್ಫಟಿಕಶಿಲೆಯ ಗಾಜು. ಅದರಲ್ಲಿ ಹೀಲಿಯಂ ಇನ್ನೂ ಸುಲಭವಾಗಿ ನುಸುಳುತ್ತದೆ, ಹಾಗಾಗಿ ಇಂಥ ಟ್ಯೂಬ್‌ಗಳನ್ನು ಹೀಲಿಯಂ ಸಿಲಿಂಡರ್ ಇರುವ ಕೋಣೆಯಲ್ಲಿ ಇಡಬಾರದು.

ಕಣಬೇಟೆ:

ಗಾಜಿನಲ್ಲಿರುವ ಪೊಟ್ಯಾಸಿಯಂ ಬಗ್ಗೆಯೂ ಹೇಳಬೇಕಿತ್ತು ನೀವು. ಅದರಲ್ಲಿನ ಪೊಟ್ಯಾಸಿಯಂ-40 ವಿಕಿರಣಶೀಲ, ಅಪರೂಪದ ಘಟನೆ ಎಣಿಸುವ ಪ್ರಯೋಗಗಳಿಗೆ ಕಡಿಮೆ ಪೊಟ್ಯಾಸಿಯಂ ಇರುವ ಗಾಜೇ ಬೇಕು.

ಬುರುಡೆಯೊಳಗೆ ಬೆಳೆಸದ ದಾರಿಯೂ ಒಂದಿದೆ. ಕ್ಯಾಥೋಡನ್ನು ಬೇರೆ ನಿರ್ವಾತ ಕೋಣೆಯಲ್ಲಿ ತಯಾರಿಸಿ, ನಿರ್ವಾತದೊಳಗೇ ಸಾಗಿಸಿ, ಇಂಡಿಯಂ ಲೋಹದ ಮುದ್ರೆಯಿಂದ ಟ್ಯೂಬಿಗೆ ಕೂಡಿಸುವುದು. ಆಗ ಸೀಸಿಯಂ ಟ್ಯೂಬಿನ ಒಳಗೆ ಚೆಲ್ಲಾಡುವುದಿಲ್ಲ. ಗ್ಯಾಲಿಯಂ ಆರ್ಸೆನೈಡ್ ಕ್ಯಾಥೋಡ್‌ಗೆ ಇದೇ ದಾರಿ, ಅದನ್ನು 600 ಡಿಗ್ರಿಯ ಸುಮಾರಿಗೆ ಕಾಯಿಸಿ ಮೈ ಶುದ್ಧ ಮಾಡಬೇಕಾಗುತ್ತದೆ. 1965ರಲ್ಲಿ ಶೇರ್ ಮತ್ತು ಫಾನ್ ಲಾರ್ ಅದರ ಮೇಲೆ ಸೀಸಿಯಂ ಹಾಕಿ ತೋರಿಸಿದರು. ಸೀಸಿಯಂ, ಆಮ್ಲಜನಕಗಳನ್ನು ಸರದಿಯಲ್ಲಿ ಕೊಟ್ಟರೆ ಹೊರಗಿನ ಶಕ್ತಿಮಟ್ಟ ಒಳಗಿನದಕ್ಕಿಂತ ಕೆಳಗಿಳಿಯುತ್ತದೆ, ಎಲೆಕ್ಟ್ರಾನ್‌ಗೆ ಹತ್ತಲು ಗೋಡೆಯೇ ಉಳಿಯುವುದಿಲ್ಲ. ರಾತ್ರಿ ನೋಡುವ ಮೂರನೇ ತಲೆಮಾರಿನ ದುರ್ಬೀನುಗಳಲ್ಲಿ ಇರುವುದು ಇದು.

ವಾಲ್ವ್_ಕುತೂಹಲಿ:

ಇಷ್ಟು ಓದಿದ ಮೇಲೆ ಕೊನೆಯದಾಗಿ ಒಂದು ಕೇಳುತ್ತೇನೆ. ನನ್ನ ಬಳಿ ಹೆಸರು ಅಳಿಸಿಹೋದ ಒಂದು ಹಳೇ ಫೋಟೋಸೆಲ್ ಇದೆ. ಅದರ ಕ್ಯಾಥೋಡ್ ಯಾವ ಬಗೆಯದು, ಇನ್ನೂ ಜೀವ ಇದೆಯೇ ಎಂದು ತಿಳಿಯುವುದು ಹೇಗೆ?

ನಿರ್ವಾತವಾಸಿ:

ಬೆಳಕು ನುಗ್ಗದ ಡಬ್ಬಿಯಲ್ಲಿ ಇಡಿ. ಆನೋಡ್‌ಗೆ ಧನ, ಒಂದು ಮೆಗಾಓಮ್ ರೆಸಿಸ್ಟರ್ ಸರಣಿಯಲ್ಲಿ, ವೋಲ್ಟೇಜ್ 20ರಿಂದ ಶುರು ಮಾಡಿ. ಮೊದಲು ಕತ್ತಲ ಕರೆಂಟ್ ಬರೆದುಕೊಳ್ಳಿ. ಆಮೇಲೆ ಮಂದವಾದ ನೀಲಿ, ಕೆಂಪು, ಮತ್ತು 940 ನ್ಯಾನೋಮೀಟರ್‌ನ ಅವಕೆಂಪು ಎಲ್‌ಇಡಿ ಒಂದೊಂದಾಗಿ ತೋರಿಸಿ. 940ಕ್ಕೂ ಕರೆಂಟ್ ಬಂದರೆ ಬೆಳ್ಳಿ-ಆಮ್ಲಜನಕ-ಸೀಸಿಯಂ. ನೀಲಿಗೆ ಜೋರಾಗಿ ಬಂದು ಗಾಢ ಕೆಂಪಿಗೆ ಬಾರದಿದ್ದರೆ ಸೀಸಿಯಂ-ಆಂಟಿಮನಿ. ಬೆಳಕಿದ್ದರೂ ಇಲ್ಲದಿದ್ದರೂ ಒಂದೇ ಕರೆಂಟ್ ಆದರೆ ಅದು ಗಾಜಿನ ಮೇಲಿನ ಸೋರಿಕೆ, ಕ್ಯಾಥೋಡಿನದಲ್ಲ. ಹೊರಗಿನ ತಳವನ್ನು ಆಲ್ಕೋಹಾಲಿನಿಂದ ಒರೆಸಿ ಮತ್ತೆ ನೋಡಿ.

ಅಳತೆ ಮಾಡಿದ ಬೆಳಕು ಇದ್ದರೆ ದಕ್ಷತೆಯೂ ಸಿಗುತ್ತದೆ. ಒಂದು ವಾಟ್ ಬೆಳಕಿಗೆ ಎಷ್ಟು ಆಂಪಿಯರ್ ಎಂಬುದನ್ನು 1240ರಿಂದ ಗುಣಿಸಿ ತರಂಗಾಂತರದ ನ್ಯಾನೋಮೀಟರ್‌ನಿಂದ ಭಾಗಿಸಿ. 400ರಲ್ಲಿ 0.08 ಆಂಪಿಯರ್ ಬಂದರೆ 0.248, ಅಂದರೆ ಶೇಕಡ 25. ಬಿಸಿಲಿಗೆ ಮಾತ್ರ ಹಿಡಿಯಬೇಡಿ, ಹೆಚ್ಚು ಕರೆಂಟ್ ಎಳೆದರೆ ಕ್ಯಾಥೋಡ್ ದಣಿಯುತ್ತದೆ.

ವಾಲ್ವ್_ಕುತೂಹಲಿ:

ನೋಡಿದೆ ಸರ್. ಕೆಂಪಿಗೂ 940ಕ್ಕೂ ಮುಳ್ಳು ಏಳುತ್ತದೆ, ನೀಲಿಗೆ ಅಷ್ಟಕ್ಕಷ್ಟೇ. ಜೀವ ಇದೆ! ಆದರೆ ವೋಲ್ಟೇಜ್ ಏರಿಸಿದಂತೆ ಕರೆಂಟೂ ಏರುತ್ತಲೇ ಹೋಗುತ್ತಿದೆ, ಎಲ್ಲೂ ನಿಲ್ಲುತ್ತಿಲ್ಲ.

ಬೆಳ್ಳಿ_ಪರದೆ:

ಹಾಗಾದರೆ ಅದು ಅನಿಲ ತುಂಬಿದ ಸೆಲ್, ಬಹುಶಃ ಸಿನಿಮಾ ಪ್ರೊಜೆಕ್ಟರಿನದು. ನಿರ್ವಾತದ ಸೆಲ್ಲಿನಲ್ಲಿ ಕರೆಂಟ್ ಕೆಲವು ಹತ್ತು ವೋಲ್ಟಿಗೇ ಸಮತಟ್ಟಾಗುತ್ತದೆ. ಇದರಲ್ಲಿ ಸ್ವಲ್ಪ ಆರ್ಗಾನ್ ಇರುತ್ತದೆ, ಎಲೆಕ್ಟ್ರಾನ್‌ಗಳು ಅದನ್ನು ಅಯಾನೀಕರಿಸಿ ಕರೆಂಟನ್ನು ಹತ್ತು ಪಟ್ಟಿನವರೆಗೂ ಹೆಚ್ಚಿಸುತ್ತವೆ. 90 ವೋಲ್ಟ್ ದಾಟಿಸಬೇಡಿ. ಒಳಗೆ ಮಿನುಗು ಕಂಡರೆ ತಕ್ಷಣ ವೋಲ್ಟೇಜ್ ತೆಗೆಯಿರಿ, ಧನ ಅಯಾನುಗಳ ಹೊಡೆತಕ್ಕೆ ಆ ಸೀಸಿಯಂ ಪದರ ಬಹಳ ಹೊತ್ತು ತಾಳುವುದಿಲ್ಲ.